ಪೋಕೆಮಾನ್, ಮ್ಯಾಜಿಕ್, ಯು-ಗಿ-ಓ, ಒನ್ ಪೀಸ್: ಮನೆಗೆ ಯಾವ ಕಾರ್ಡ್ ಆಟ ತರೋದು?

ಈ ನಾಲ್ಕರಲ್ಲಿ ಯಾವುದಾದರೂ ಆಟದ ಒಂದು ಕಾರ್ಡ್ ಕೈಗೆ ತಗೊಳ್ಳಿ. ಕೆಳಗಿನ ಅರ್ಧದಲ್ಲಿ ಬರಹ ಇರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಮುಚ್ಚಿ. ಚಿತ್ರ ಮಾತ್ರ ಕಾಣಲಿ. ಈಗ ಪಕ್ಕದಲ್ಲಿರುವ ಮಗುವನ್ನು ಕೇಳಿ: ‘ಇದು ಆಟದಲ್ಲಿ ಏನು ಮಾಡಬಹುದು, ಹೇಳು ನೋಡೋಣ.’

ಮಗು ಹೇಳಿದ್ದಕ್ಕೂ ಬರಹಕ್ಕೂ ತಾಳೆಯಾದರೆ ಆ ಆಟ ಆ ಮಗುವಿಗೆ ಬೇಗ ಒಗ್ಗುತ್ತದೆ. ತಾಳೆಯಾಗದಿದ್ದರೆ ಆಟ ಕೆಟ್ಟದ್ದು ಅಂತಲ್ಲ. ಆದರೆ ಓದಿ ಓದಿ ಆಡಬೇಕಾಗುತ್ತದೆ. ಎಂಟು ವರ್ಷದ ಮಗುವಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಹದಿನಾಲ್ಕರ ಹುಡುಗನಿಗೆ ಇರಬಹುದು.

ನಾನು ಸಾಗರದಲ್ಲಿ ಭಾನುವಾರ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಜುಲೈ ತಿಂಗಳಲ್ಲಿ ಕ್ಲಾಸ್ ಮುಗಿದರೂ ಮಕ್ಕಳು ಮನೆಗೆ ಹೊರಡುವ ಹಾಗಿರುವುದಿಲ್ಲ. ಮಳೆ ಬಿಡುವುದಿಲ್ಲ, ಕರೆಂಟೂ ಇರುವುದಿಲ್ಲ. ಜಗಲಿಯಲ್ಲಿ ಕೂತು ಕಾಯುವ ಹೊತ್ತಿಗೆ ಅಂತ ಶುರುವಾಗಿದ್ದು ಈ ಕಾರ್ಡ್ ಆಟ. ಈಗ ಮಕ್ಕಳನ್ನು ಕರೆದೊಯ್ಯಲು ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಮಿಸ್, ಯಾವುದು ಕೊಡಿಸೋದು? ಎಲ್ಲಾ ಒಂದೇ ಥರ ಕಾಣುತ್ತಲ್ಲ?’ ತೀರ್ಥಹಳ್ಳಿಯಲ್ಲಿರುವ ಅಕ್ಕ ಕೂಡ ಮಗನಿಗೆ ಕೊಡಿಸುವ ಮೊದಲು ಫೋನ್ ಮಾಡಿ ಇದನ್ನೇ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮ ಕಡೆಯವರಿಗೆ ಈ ವಿಷಯ ಹೊಸದೇನಲ್ಲ. ಯಕ್ಷಗಾನ ನೋಡಿ ಬೆಳೆದವರು ನಾವು. ರಂಗಸ್ಥಳದಿಂದ ದೂರ ಕೂತಿದ್ದರೂ, ಭಾಗವತರ ಪದ ಸರಿಯಾಗಿ ಕೇಳದಿದ್ದರೂ, ವೇಷ ಕಂಡ ಕೂಡಲೇ ಗೊತ್ತಾಗುತ್ತದೆ. ದೊಡ್ಡ ಕಿರೀಟ ಕಂಡರೆ ರಾಜ. ಮುಖದ ತುಂಬ ಬಣ್ಣ ಬಳಿದುಕೊಂಡು ಆರ್ಭಟಿಸುತ್ತಾ ಬಂದರೆ ರಾಕ್ಷಸ. ಅವನು ಕುಣಿಯುವ ರೀತಿಯೂ ಆ ಬಣ್ಣಕ್ಕೆ ತಕ್ಕಂತೆಯೇ ಇರುತ್ತದೆ. ಒಳ್ಳೆಯ ಕಾರ್ಡಿನಲ್ಲೂ ಹಾಗೆಯೇ. ಚಿತ್ರ ವೇಷ, ನಿಯಮ ಕುಣಿತ. ಎರಡೂ ಒಂದೇ ಪಾತ್ರವನ್ನು ತೋರಿಸಬೇಕು. ನಾಲ್ಕು ಆಟಗಳನ್ನೂ ನಾನು ನೋಡುವುದು ಈ ಕಣ್ಣಿನಿಂದಲೇ.

ಪೋಕೆಮಾನ್: ಓದಲು ಬಾರದವರೂ ಆಡಬಹುದು

ಈ ಕಾರ್ಡ್‌ಗಳು ಜಪಾನಿನಲ್ಲಿ ಮೊದಲು ಬಂದಿದ್ದು 1996ರಲ್ಲಿ. ಇಂಗ್ಲಿಷಿನಲ್ಲಿ 1999ರಲ್ಲಿ. ಕಾರ್ಡಿನ ಮೇಲಿರುವ ಕಾಲ್ಪನಿಕ ಜೀವಿಗಳೇ ಪೋಕೆಮಾನ್. ಆ ಮೊದಲ ಸೆಟ್ಟಿನ ಚಾರಿಜಾರ್ಡ್ ಅನ್ನುವ ಪೋಕೆಮಾನ್ ಕಾರ್ಡಿನ ಚಿತ್ರವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಬರೆದವರು ಮಿತ್ಸುಹಿರೋ ಅರಿಟಾ. ಕಿತ್ತಳೆ ಬಣ್ಣದ ಡ್ರ್ಯಾಗನ್, ಬಿಚ್ಚಿದ ರೆಕ್ಕೆ, ಬಾಯಿಂದ ಹೊರಟ ಬೆಂಕಿ. ಹಿನ್ನೆಲೆಯೂ ಕಾದ ಬಣ್ಣದಲ್ಲೇ ಇದೆ. ಹೆಬ್ಬೆರಳಿಟ್ಟು ಕೇಳಿದರೆ ಮಕ್ಕಳು ಹೇಳುವುದು ಹೀಗೆ: ‘ಬೆಂಕಿ ಉಗುಳುತ್ತೆ. ತುಂಬಾ ಜೋರು. ನೀರು ಬಿದ್ದರೆ ಆಗಲ್ಲ.’

ಹೆಬ್ಬೆರಳು ತೆಗೆಯಿರಿ. ಹೊಡೆತ 100. ಆ ಕಾಲದ ಕಾರ್ಡ್‌ಗಳಲ್ಲಿ ಅದು ಭಾರಿ ಹೊಡೆತ. ನೀರಿನ ಎದುರು ದುರ್ಬಲ. ಇನ್ನೂ ಒಂದು ಮಾತಿದೆ. ಹೀಗೆ ಹೊಡೆಯಬೇಕಾದರೆ ಅದಕ್ಕೆ ಶಕ್ತಿ ಕೊಡಲು ಸೇರಿಸಿದ ಎನರ್ಜಿ ಕಾರ್ಡ್‌ಗಳಲ್ಲಿ ಎರಡನ್ನು ಬಿಸಾಡಬೇಕು. ಅಂದರೆ ಬೆಂಕಿ ಉಗುಳಿದರೆ ಒಲೆಯಲ್ಲಿ ಸೌದೆ ಖಾಲಿಯಾಗುತ್ತದೆ! ಚಿತ್ರದಲ್ಲಿ ಕಂಡ ಬಿಸಿ ನಿಯಮದಲ್ಲೂ ಇದೆ. ಕಾರ್ಡ್ ಕಟ್ಟುವ ಕಲೆ ಅಂದರೆ ಇದೇ.

ಆಟದ ಚೌಕಟ್ಟು ಸರಳ. ಒಬ್ಬೊಬ್ಬರಿಗೆ 60 ಕಾರ್ಡಿನ ಒಂದು ಕಟ್ಟು. ಒಂದು ಪೋಕೆಮಾನ್ ಎದುರಿಗೆ ನಿಂತು ಹೊಡೆದಾಡುತ್ತದೆ. ಐದರವರೆಗೆ ಹಿಂದೆ ಬೆಂಚಿನಲ್ಲಿ ಕೂರುತ್ತವೆ. ನಮ್ಮ ಮಕ್ಕಳಿಗೆ ನಾನು ಹೇಳುವುದು ‘ಅದು ರಂಗಸ್ಥಳ, ಇದು ಚೌಕಿ’ ಅಂತ. ಚೌಕಿ ಅಂದರೆ ಯಕ್ಷಗಾನದವರು ವೇಷ ಕಟ್ಟಿ ಸಿದ್ಧವಾಗುವ ಜಾಗ. ಒಂದೇ ಸಲಕ್ಕೆ ಅರ್ಥವಾಗುತ್ತದೆ. ಚೌಕಿಯಲ್ಲಿ ಕೂತವರಿಗೆ ಸರದಿಗೊಂದು ಎನರ್ಜಿ ಸೇರಿಸಿ ಸಿದ್ಧ ಮಾಡಬಹುದು. ಎದುರಿನವರ ಪೋಕೆಮಾನ್ ಒಂದು ಬಿದ್ದರೆ ಪಕ್ಕದಲ್ಲಿ ಕವುಚಿಟ್ಟ ಆರು ಬಹುಮಾನದ ಕಾರ್ಡ್‌ಗಳಲ್ಲಿ ಒಂದನ್ನು ಎತ್ತಿಕೊಳ್ಳಬೇಕು. ದೊಡ್ಡ ಶಕ್ತಿಯ ಕೆಲವು ಪೋಕೆಮಾನ್ ಬಿದ್ದರೆ ಎರಡು. ಆರೂ ಮೊದಲು ಎತ್ತಿದವರು ಗೆದ್ದರು.

ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಮೊದಲು ಇದನ್ನೇ ಕೊಡುವುದಕ್ಕೆ ಒಂದು ಕಾರಣ ಇದೆ. ಈ ನಾಲ್ಕರಲ್ಲಿ ಯಾವ ಆಟವೂ ಕನ್ನಡದಲ್ಲಿ ಬರುವುದಿಲ್ಲ. ಕಾರ್ಡಿನ ಮೇಲೆ ಎಲ್ಲಾ ಇಂಗ್ಲಿಷ್. ಆದರೆ ಪೋಕೆಮಾನ್‌ನಲ್ಲಿ ಹೊಡೆಯಲು ಏನು ಬೇಕು ಅನ್ನುವುದು ಗುರುತುಗಳಲ್ಲಿದೆ. ಬೆಂಕಿ, ನೀರಹನಿ, ಎಲೆ, ಮಿಂಚು. ಹೊಡೆತ ಎಷ್ಟು ಅನ್ನುವುದು ಅಂಕಿಯಲ್ಲಿದೆ. ಎರಡನೇ ಕ್ಲಾಸಿನ ಹುಡುಗಿ ಒಬ್ಬಳು ಒಂದಕ್ಷರ ಇಂಗ್ಲಿಷ್ ಓದದೆ ಎರಡು ಭಾನುವಾರದಲ್ಲಿ ಆಟ ಕಲಿತಳು. ಆಮೇಲೆ ಕಾರ್ಡಿನ ಹೆಸರು ಓದುವುದಕ್ಕೆ ಅಂತಲೇ ಅಕ್ಷರ ಕೂಡಿಸತೊಡಗಿದಳು.

ಚಿತ್ರ ಕಲಿಯುವ ಮಕ್ಕಳಿಗೂ ಇಲ್ಲಿ ಜಾಸ್ತಿ ಸಿಗುತ್ತದೆ. ಒಂದೇ ಪಿಕಾಚುವನ್ನು ಬೇರೆ ಬೇರೆ ಕೈ ಬರೆದಿರುತ್ತದೆ. ಬರೆದವರ ಹೆಸರು ಕಾರ್ಡಿನ ಮೇಲೆಯೇ ಇರುತ್ತದೆ. ಯುಕಾ ಮೊರೀ (Yuka Morii) ಅವರ ಕಾರ್ಡ್‌ಗಳನ್ನು ಹುಡುಕಿ ನೋಡಿ. ಅವರು ಬಣ್ಣದಲ್ಲಿ ಬರೆಯುವುದಿಲ್ಲ. ಪುಟ್ಟ ಜೇಡಿಯ ಗೊಂಬೆ ಮಾಡಿ, ಅದನ್ನು ಹುಲ್ಲಿನ ನಡುವೆಯೋ ಎಲೆಯ ಮೇಲೋ ಇಟ್ಟು ಫೋಟೋ ತೆಗೆಯುತ್ತಾರೆ. ಅಸಾಕೋ ಇಟೋ ಉಲ್ಲನ್‌ನಲ್ಲಿ ಹೆಣೆಯುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ನಮ್ಮ ಮಕ್ಕಳು ಜೇಡಿಮಣ್ಣು ತಂದು ಬೆಟ್ಟದ ಜೀವಿಗಳನ್ನು ಮಾಡಿ, ತೋಟದ ಪಾಚಿಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಿದ್ದು ಆ ಕಾರ್ಡ್ ನೋಡಿದ ಮೇಲೆ.

ಬೇಸರದ ಮಾತೂ ಇದೆ. ಪೋಕೆಮಾನ್ ಕೊಳ್ಳುವ ಎಷ್ಟೋ ಮಕ್ಕಳು ಆಡುವುದೇ ಇಲ್ಲ. ಪ್ಯಾಕ್ ಹರಿದು, ಹೊಳೆಯುವ ಕಾರ್ಡ್ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಉಳಿದಿದ್ದನ್ನು ಹಾಗೇ ಬಿಸಾಡುತ್ತಾರೆ. ಹಾಗೆ ಬಿಸಾಡಿದ ಕಾರ್ಡ್‌ಗಳಲ್ಲೇ ಎಂಥ ಒಳ್ಳೆಯ ಚಿತ್ರಗಳಿರುತ್ತವೆ! ಹೊಸ ಸೆಟ್‌ಗಳಲ್ಲಿ ಚಿತ್ರವೇ ಇಡೀ ಕಾರ್ಡ್ ತುಂಬಿಕೊಂಡು, ಬರಹ ಅದರ ಮೇಲೆ ಕೂರುವ ಬಗೆಯದು ತುಂಬ ಬರುತ್ತಿದೆ. ನೋಡಲು ಚೆನ್ನ. ಕೈಯಲ್ಲಿ ಹಿಡಿದು ಆಡುವಾಗ ಓದಲು ಕಷ್ಟ.

ಮ್ಯಾಜಿಕ್: ಮೊದಲು ಜಮೀನು, ಆಮೇಲೆ ಬೆಳೆ

ಇವುಗಳಲ್ಲಿ ಹಿರಿಯದು ‘ಮ್ಯಾಜಿಕ್: ದ ಗ್ಯಾದರಿಂಗ್’. 1993ರಲ್ಲಿ ಬಂತು. ಮಾಡಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು. ಕಾರ್ಡ್‌ಗಳನ್ನು ಬೇರೆ ಬೇರೆಯಾಗಿ ಕೊಂಡು, ಬದಲಾಯಿಸಿಕೊಂಡು, ನಮ್ಮದೇ ಕಟ್ಟು ಕಟ್ಟಿ ಆಡುವ ಪದ್ಧತಿ ಬೆಳೆದಿದ್ದೇ ಇದರಿಂದ.

ಇದರಲ್ಲಿ ಐದು ಬಣ್ಣ. ಪ್ರತಿ ಬಣ್ಣಕ್ಕೂ ಒಂದು ಬಗೆಯ ನೆಲ. ಬಿಳಿಗೆ ಬಯಲು, ನೀಲಿಗೆ ದ್ವೀಪ, ಕಪ್ಪಿಗೆ ಜವುಗು, ಕೆಂಪಿಗೆ ಬೆಟ್ಟ, ಹಸಿರಿಗೆ ಕಾಡು. ಮೊದಲು ಲ್ಯಾಂಡ್ ಕಾರ್ಡ್ ಇಡಬೇಕು, ಸರದಿಗೆ ಒಂದು. ಅದರಿಂದ ಮಾನಾ ಅನ್ನುವ ಶಕ್ತಿ ಬರುತ್ತದೆ. ಆ ಶಕ್ತಿ ಕೊಟ್ಟು ಪ್ರಾಣಿಯನ್ನೋ ಮಂತ್ರವನ್ನೋ ಆಡಬೇಕು. ಅಡಿಕೆ ತೋಟ ನೋಡಿಕೊಳ್ಳುವ ನಮ್ಮ ಮಾವನಿಗೆ ಇದನ್ನು ವಿವರಿಸಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ‘ಅಂದ್ರೆ ಮೊದಲು ಜಮೀನು, ಆಮೇಲೆ ಬೆಳೆ. ಜಮೀನು ಜಾಸ್ತಿ ಆದಷ್ಟೂ ದೊಡ್ಡ ಬೆಳೆ,’ ಅಂದರು. ಅಷ್ಟೇ.

ಹೆಬ್ಬೆರಳ ಪರೀಕ್ಷೆಗೆ ಇದರಲ್ಲಿ ನಾನು ತೋರಿಸುವುದು ಸೆರಾ ಏಂಜೆಲ್. ಮೊದಲ ವರ್ಷದಿಂದಲೂ ಇರುವ ಕಾರ್ಡ್. ಹಳೆಯ ಚಿತ್ರ ಡಗ್ಲಸ್ ಶೂಲರ್ ಅವರದ್ದು. ಕೈಯಲ್ಲಿ ಕತ್ತಿ, ಬೆನ್ನಲ್ಲಿ ರೆಕ್ಕೆ. ರೆಕ್ಕೆ ಇರುವುದರಿಂದ ಹಾರುತ್ತಾಳೆ. ಅಂದರೆ ಹಾರಲಾರದ ಪ್ರಾಣಿ ಅವಳನ್ನು ತಡೆಯಲಾರದು. ಮ್ಯಾಜಿಕ್‌ನಲ್ಲಿ ದಾಳಿಗೆ ಹೋದ ಪ್ರಾಣಿಯ ಕಾರ್ಡನ್ನು ಅಡ್ಡಕ್ಕೆ ತಿರುಗಿಸಬೇಕು, ದಣಿದಿದೆ ಅಂತ ಲೆಕ್ಕ. ದಣಿದವರು ಎದುರಿನವರ ದಾಳಿಯನ್ನು ತಡೆಯುವಂತಿಲ್ಲ. ಈ ಏಂಜೆಲ್ ಮಾತ್ರ ದಾಳಿ ಮಾಡಿಯೂ ನೆಟ್ಟಗೇ ನಿಂತಿರುತ್ತಾಳೆ. ಹೊಡೆದು ಬಂದು ಮತ್ತೆ ಕಾವಲಿಗೆ ನಿಲ್ಲುತ್ತಾಳೆ. ನಮ್ಮ ಕ್ಲಾಸಿನ ಹುಡುಗನೊಬ್ಬ ಬರೀ ಚಿತ್ರ ನೋಡಿ ‘ಇವಳು ಯಾರನ್ನೋ ಕಾಯ್ತಿದ್ದಾಳೆ’ ಅಂದಿದ್ದು ನನಗೆ ಇವತ್ತಿಗೂ ನೆನಪಿದೆ.

ಚಿತ್ರದ ಮಟ್ಟಿಗೆ ನನ್ನ ಮೊದಲ ಆಯ್ಕೆ ಮ್ಯಾಜಿಕ್, ಇದರಲ್ಲಿ ಅನುಮಾನವೇ ಇಲ್ಲ. ಕಾರ್ಡಿನ ಮೇಲೆ ಚಿತ್ರಕಾರರ ಹೆಸರು ಮೊದಲಿನಿಂದಲೂ ಇದೆ. ಬರೀ ಲ್ಯಾಂಡ್ ಕಾರ್ಡ್‌ಗಳ ನಿಸರ್ಗ ಚಿತ್ರಗಳನ್ನೇ ಒಂದು ಆಲ್ಬಮ್ ಮಾಡಬಹುದು. ಕಾಡಿನ ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ, ‘ಇದರಲ್ಲಿ ಯಾವುದು ಆಗುಂಬೆ ಥರ ಇದೆ, ಯಾವುದು ಕೊಡಚಾದ್ರಿ ಮೇಲಿನ ಶೋಲಾ ಥರ ಇದೆ’ ಅಂತ ಕೇಳಿದರೆ ಮಕ್ಕಳು ಬೆಳಕು, ಮಂಜು, ಮರದ ಎತ್ತರ ಎಲ್ಲಾ ಗಮನಿಸಲು ಕಲಿಯುತ್ತಾರೆ. 2016ರಲ್ಲಿ ಬಂದ ಕಲಾದೇಶ್ ಸೆಟ್ಟಂತೂ ಭಾರತದ ಛಾಯೆಯಲ್ಲೇ ಕಟ್ಟಿದ್ದು. ಹಿತ್ತಾಳೆಯ ಬಳ್ಳಿಯಂಥ ಕುಸುರಿಯ ಯಂತ್ರಗಳು, ಸೀರೆಯ ಹಾಗೆ ಇಳಿಬಿದ್ದ ಬಟ್ಟೆ. ಈಚೆಗೆ ಹೊರಗಿನ ಪಾತ್ರಗಳನ್ನು ಒಳಗೆ ತರುವುದು ಜಾಸ್ತಿಯಾಗಿದೆ. 2025ರಲ್ಲಿ ಸ್ಪೈಡರ್‌ಮ್ಯಾನ್ ಕಾರ್ಡ್‌ಗಳೂ ಬಂದವು. ನನಗೆ ಅದು ಒಗ್ಗುವುದಿಲ್ಲ. ಪೌರಾಣಿಕ ಪ್ರಸಂಗದ ನಡುವೆ ಪ್ಯಾಂಟ್ ಹಾಕಿದವನು ಬಂದ ಹಾಗೆ ಅನ್ನಿಸುತ್ತದೆ. ಮಕ್ಕಳಿಗೆ ಖುಷಿಯೇ, ಅದನ್ನೂ ಹೇಳಬೇಕು.

ಕಷ್ಟ ಎಲ್ಲಿದೆ? ಮೊದಲನೆಯದು ಇಂಗ್ಲಿಷ್. ಗುರುತುಗಳಿಗಿಂತ ಮಾತು ಜಾಸ್ತಿ. ಎರಡನೆಯದು ಜಮೀನಿನದ್ದೇ ಕಷ್ಟ. 60ರ ಕಟ್ಟಿನಲ್ಲಿ ಸುಮಾರು 24 ಲ್ಯಾಂಡ್ ಇಟ್ಟರೂ ಒಮ್ಮೊಮ್ಮೆ ಕೈಗೆ ಬರುವುದೇ ಇಲ್ಲ. ಕೈತುಂಬ ದೊಡ್ಡ ದೊಡ್ಡ ಪ್ರಾಣಿಗಳನ್ನು ಹಿಡಿದುಕೊಂಡು ಸುಮ್ನೆ ಕೂರಬೇಕು. ಚಿಕ್ಕ ಮಕ್ಕಳು ಇದಕ್ಕೆ ಅತ್ತುಬಿಡುತ್ತಾರೆ. ಹಾಗಾಗಿ ಹನ್ನೆರಡು ತುಂಬದವರಿಗೆ ನಾನು ಇದನ್ನು ಹೇಳುವುದಿಲ್ಲ.

ಆದರೆ ನಿಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರು ಇದ್ದಾರೆ, ಇಸ್ಪೀಟ್ ಎಲೆ ಹಿಡಿದು ಕೂತರೆ ಊಟದ ಹೊತ್ತು ಮರೆಯುವವರು ಅಂತಾದರೆ ಮ್ಯಾಜಿಕ್‌ನ ‘ಕಮಾಂಡರ್’ ಬಗೆಯನ್ನು ನೋಡಿ. 100 ಕಾರ್ಡಿನ ಕಟ್ಟು. ಮೂಲ ಲ್ಯಾಂಡ್‌ಗಳನ್ನು ಬಿಟ್ಟರೆ ಯಾವ ಕಾರ್ಡೂ ಎರಡು ಇರುವಂತಿಲ್ಲ. ಒಬ್ಬ ನಾಯಕ ಎಲ್ಲರಿಗೂ ಕಾಣುವ ಹಾಗೆ ಹೊರಗೆ ಕೂತಿರುತ್ತಾನೆ. ಒಬ್ಬೊಬ್ಬರಿಗೆ 40 ಪ್ರಾಣ. ನಾಲ್ಕು ಜನ ಕೂತರೆ ಒಂದಾಟಕ್ಕೆ ಒಂದು ಗಂಟೆ ಸುಲಭವಾಗಿ ಹೋಗುತ್ತದೆ, ಕೆಲವು ಸಲ ಎರಡು. ಯಾರು ಯಾರ ಜೊತೆ ಸೇರಿ ಯಾರನ್ನು ಹೊಡೆಯುವುದು ಅನ್ನುವ ರಾಜಿ-ಜಗಳದಲ್ಲೇ ಅರ್ಧ ರುಚಿ. ಸಿದ್ಧವಾಗಿ ಕಟ್ಟಿದ ಕಮಾಂಡರ್ ಕಟ್ಟುಗಳು ಸಿಗುತ್ತವೆ. ಮಲೆನಾಡಿನ ಮಳೆಗಾಲಕ್ಕೆ ಇದಕ್ಕಿಂತ ಹೊಂದುವ ಆಟ ನನಗೆ ಗೊತ್ತಿಲ್ಲ.

ಯು-ಗಿ-ಓ: ಇಬ್ಬರು ಹಟವಾದಿಗಳಿಗೆ

ಕಝುಕಿ ತಕಾಹಾಶಿ ಅವರ ಕಾಮಿಕ್ಸ್ ಕಥೆಯಿಂದ ಹುಟ್ಟಿದ ಆಟ. ಕಾರ್ಡ್‌ಗಳು ಜಪಾನಿನಲ್ಲಿ 1999ರಲ್ಲಿ, ಇಂಗ್ಲಿಷಿನಲ್ಲಿ 2002ರಲ್ಲಿ ಬಂದವು. ಇಲ್ಲಿ ಜಮೀನೂ ಇಲ್ಲ, ಎನರ್ಜಿಯೂ ಇಲ್ಲ. ಕೈಯಲ್ಲಿದ್ದರೆ ಆಡಬಹುದು. ಕೈಯಲ್ಲಿರುವ ಜೀವಿಯನ್ನು ಕಣಕ್ಕೆ ಇಳಿಸುವುದಕ್ಕೆ ಕರೆ ಅನ್ನುತ್ತಾರೆ. ಸರದಿಗೆ ಒಂದೇ ಸಾಮಾನ್ಯ ಕರೆ ಅನ್ನುವ ಕಟ್ಟುಪಾಡಿದೆ. ಆದರೆ ಬೇರೆ ಬೇರೆ ದಾರಿಯಲ್ಲಿ ಎಷ್ಟು ಬೇಕಾದರೂ ಕರೆಯಬಹುದು. ಹಾಗಾಗಿ ಆಟ ಬಿರುಗಾಳಿಯ ಹಾಗೆ ಓಡುತ್ತದೆ. ಚೆನ್ನಾಗಿ ಬಲ್ಲವರು ಒಂದೇ ಸರದಿಯಲ್ಲಿ ಹತ್ತು ಕಾರ್ಡ್ ಆಡುತ್ತಾರೆ, ಎದುರಿನವರು ನೋಡುತ್ತಾ ಕೂರಬೇಕು.

ಹಳೆಯ ಕಾರ್ಡ್‌ಗಳು ಹೆಬ್ಬೆರಳ ಪರೀಕ್ಷೆಯನ್ನು ಸಲೀಸಾಗಿ ದಾಟುತ್ತವೆ. ಬ್ಲೂ-ಐಸ್ ವೈಟ್ ಡ್ರ್ಯಾಗನ್ ನೋಡಿ. ‘ದೊಡ್ಡದು, ಬಲ ಜಾಸ್ತಿ’ ಅಂತ ಮಗು ಹೇಳುತ್ತದೆ. ಹೌದು, ದಾಳಿ 3000, ಬೇರೆ ಯಾವ ಕರಾಮತ್ತೂ ಇಲ್ಲ. ಎಕ್ಸೋಡಿಯಾ ಇನ್ನೂ ಚೆನ್ನ. ಒಬ್ಬ ಕಟ್ಟಿಹಾಕಿದ ದೈತ್ಯ. ಅವನ ತಲೆ ಒಂದು ಕಾರ್ಡಿನಲ್ಲಿ, ಎರಡು ಕೈ ಎರಡು ಕಾರ್ಡಿನಲ್ಲಿ, ಎರಡು ಕಾಲು ಇನ್ನೆರಡರಲ್ಲಿ. ಐದೂ ನಿಮ್ಮ ಕೈಗೆ ಬಂದ ಗಳಿಗೆ ಆಟ ಗೆದ್ದಿರಿ! ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಐದು ಕಾರ್ಡನ್ನು ನೆಲದ ಮೇಲೆ ಜೋಡಿಸಿದರೆ ಮಗುವಿಗೆ ತಾನಾಗಿ ತಿಳಿಯುತ್ತದೆ. ಚಿತ್ರವೇ ನಿಯಮವಾಗಿರುವುದಕ್ಕೆ ನಾನು ಕಂಡ ಅತಿ ಒಳ್ಳೆಯ ಉದಾಹರಣೆ ಇದು.

ಹೊಸ ಕಾರ್ಡ್‌ಗಳು ಹಾಗಿಲ್ಲ. ಚಿತ್ರ ಸೊಗಸಾಗಿರುತ್ತದೆ, ಆದರೆ ಚೌಕದೊಳಗೆ ಸಣ್ಣದಾಗಿ ಕೂತಿರುತ್ತದೆ. ಕೆಳಗೆ ಇರುವೆ ಸಾಲಿನ ಹಾಗೆ ಬರಹ. ಹೆಬ್ಬೆರಳು ಮುಚ್ಚಿದರೆ ಏನೂ ತಿಳಿಯುವುದಿಲ್ಲ. ತೆಗೆದರೂ ಮೂರು ಸಲ ಓದಬೇಕು. ಬರೆದವರ ಹೆಸರನ್ನೂ ಕಾರ್ಡಿನ ಮೇಲೆ ಹಾಕುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಅಷ್ಟು ಚಂದ ಬರೆದವರು ಯಾರು ಅಂತ ಮಗು ಕೇಳಿದರೆ ನಾನು ಏನು ಹೇಳಲಿ?

ಆದರೂ ಇದು ಯಾರಿಗೆ ಸರಿ ಅಂದರೆ, ಸಮಾನವಾಗಿ ಹಟ ಇರುವ ಇಬ್ಬರು ಗೆಳೆಯರಿಗೆ. ಹೈಸ್ಕೂಲು ದಾಟಿದವರು, ಒಬ್ಬರು ಕಲಿತದ್ದನ್ನು ಇನ್ನೊಬ್ಬರು ಮುರಿಯಲು ರಾತ್ರಿಯಿಡೀ ಯೋಚಿಸುವಂಥವರು. ಒಬ್ಬರಿಗೆ ಮಾತ್ರ ಆಸಕ್ತಿ ಇದ್ದರೆ ತರಬೇಡಿ. ಎರಡನೇ ವಾರಕ್ಕೆ ಎದುರಿನವರು ಏಳುತ್ತಾರೆ.

ಒನ್ ಪೀಸ್: ಪೆಟ್ಟು ತಿಂದವನಿಗೆ ಬಲ

ಐಚಿರೋ ಓಡಾ ಅವರ ಕಡಲ್ಗಳ್ಳರ ಕಥೆಯನ್ನು ಟೀವಿಯಲ್ಲೋ ಮೊಬೈಲಿನಲ್ಲೋ ನೋಡುವ ಮಕ್ಕಳು ಶಿವಮೊಗ್ಗದಲ್ಲಿ ಈಗ ತುಂಬಾ ಜನ. ಕಾರ್ಡ್ ಆಟ ಬಂದಿದ್ದು 2022ರಲ್ಲಿ. ಒಬ್ಬ ನಾಯಕ, 50 ಕಾರ್ಡಿನ ಕಟ್ಟು, ಶಕ್ತಿಗೆ ಬೇರೆಯೇ 10 ಡಾನ್ ಕಾರ್ಡ್. ಶಕ್ತಿಯ ಕಾರ್ಡ್‌ಗಳು ಬೇರೆ ಇರುವುದರಿಂದ ಮ್ಯಾಜಿಕ್‌ನ ಹಾಗೆ ಜಮೀನಿಗೆ ಕಾಯುವ ಗೋಳಿಲ್ಲ.

ಇದರಲ್ಲಿ ಒಂದು ನಿಯಮ ನನಗೆ ತುಂಬ ಇಷ್ಟ. ನಾಯಕನ ಪ್ರಾಣ ಅಂದರೆ ಕವುಚಿಟ್ಟ ನಾಲ್ಕೋ ಐದೋ ಕಾರ್ಡ್. ಅವನಿಗೆ ಪೆಟ್ಟು ಬಿದ್ದಾಗ ಅದರಲ್ಲಿ ಒಂದು ನಿಮ್ಮ ಕೈಗೆ ಬರುತ್ತದೆ. ಅಂದರೆ ಪೆಟ್ಟು ತಿಂದಷ್ಟೂ ಕೈಯಲ್ಲಿ ಆಯುಧ ಜಾಸ್ತಿ. ಬಿದ್ದು ಬಿದ್ದು ಎದ್ದು ಹೊಡೆಯುವ ನಾಯಕನ ಕಥೆ ನೋಡಿದವರಿಗೆ ಇದು ಎಷ್ಟು ಸರಿಯಾಗಿ ಕೂರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಆದರೆ ಕಥೆ ಗೊತ್ತಿಲ್ಲದ ಮಗುವಿಗೆ ಕಾರ್ಡಿನ ಮೇಲಿನ ಮುಖಗಳು ಬರೀ ಮುಖಗಳು. ಕಥೆ ನೋಡುತ್ತಾರೆ ಅಂದರೆ ಮಾತ್ರ ಕೊಡಿಸಿ.

ನಮ್ಮದೇ ಮೈಸೂರಿನ ಒಂದು ಆಟ

ಚಿತ್ರ ಮತ್ತು ನಿಯಮ ಕೂಡಿಬರುವುದು ಜಪಾನ್, ಅಮೆರಿಕದವರ ಜಾಣತನ ಮಾತ್ರ ಅಂದುಕೊಳ್ಳಬೇಡಿ. ಮೈಸೂರಿನ ಗಂಜೀಫಾ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಇದರಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದವರು. ಗುಂಡಗಿನ ಎಲೆ, ಕೈಯಲ್ಲಿ ಬರೆದ ಚಿತ್ರ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಹತ್ತು ಅವತಾರಕ್ಕೆ ಹತ್ತು ಬಣ, ಒಂದೊಂದರಲ್ಲಿ ರಾಜ, ಮಂತ್ರಿ, ಮತ್ತೆ ಒಂದರಿಂದ ಹತ್ತು. ಹಗಲಲ್ಲಿ ಆಡಿದರೆ ರಾಮ ಬಂದವರು ಶುರು ಮಾಡಬೇಕು, ರಾತ್ರಿ ಆಡಿದರೆ ಕೃಷ್ಣ ಬಂದವರು. ಕೃಷ್ಣ ಹುಟ್ಟಿದ್ದು ನಡುರಾತ್ರಿಯಲ್ಲಿ ಅಲ್ವಾ! ಹೊರಗಿನ ಬೆಳಕನ್ನೇ ಆಟದ ನಿಯಮ ಮಾಡಿಕೊಂಡಿದ್ದಾರೆ. ಕೊಳ್ಳಲು ಹೋದರೆ ಕೈಯಲ್ಲಿ ಬರೆದಿದ್ದು ಬೆಲೆ ಬಾಳುತ್ತದೆ, ಚಿಕ್ಕ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಆದರೆ ಮೈಸೂರಿಗೆ ಹೋದಾಗ ಮಕ್ಕಳಿಗೆ ಒಮ್ಮೆ ತೋರಿಸಿ.

ಕೊಳ್ಳುವಾಗ ನೋಡಬೇಕಾದ್ದು

ಮೊದಲು ಬಂಗಾರದ ಬಣ್ಣದ ಪೋಕೆಮಾನ್ ಕಾರ್ಡ್‌ಗಳ ಬಗ್ಗೆ. ಕಳೆದ ಸಲದ ಜಾತ್ರೆಯಲ್ಲಿ ಒಂದು ಅಂಗಡಿಯಿಂದ ನಾನೇ ಒಂದು ಡಬ್ಬಿ ತಂದೆ. ತಳತಳ ಹೊಳೆಯುತ್ತಿತ್ತು, ಮಕ್ಕಳು ಕುಣಿದರು. ಮನೆಗೆ ಬಂದು ಆಡಲು ಕೂತರೆ ಒಂದಕ್ಕೂ ಒಂದಕ್ಕೂ ಹೊಂದುವುದಿಲ್ಲ. ಎನರ್ಜಿ ಕಾರ್ಡೇ ಇಲ್ಲ. ಅಕ್ಷರ ತಪ್ಪು, ಅಂಕಿ ಮನಸ್ಸಿಗೆ ಬಂದ ಹಾಗೆ. ಪ್ಲಾಸ್ಟಿಕ್ಕಿನ ಎಲೆಗಳು, ಕಲೆಸಲು ಹೋದರೆ ಜಾರಿ ಬೀಳುತ್ತವೆ. ಬರೆದವರ ಹೆಸರಿಲ್ಲ, ಬರೆದವರಿಗೆ ಒಂದು ಕಾಸೂ ಹೋಗಿರುವುದಿಲ್ಲ. ಡುಪ್ಲಿಕೇಟ್ ಅಂತ ಮಕ್ಕಳಿಗೆ ಹೇಳುವಾಗ ನನಗೆ ಬಹಳ ಬೇಜಾರಾಯಿತು.

ಕಾಗದದ ಡುಪ್ಲಿಕೇಟೂ ಇರುತ್ತದೆ. ಹಿಂಬದಿಯ ನೀಲಿ ಬಣ್ಣ ಮಸುಕಾಗಿರುತ್ತದೆ. ಅಸಲಿ ಪೋಕೆಮಾನ್ ಕಾರ್ಡಿನ ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಕಾಗದದ ನಡುವೆ ಕೂದಲೆಳೆಯಷ್ಟು ಕಪ್ಪು ಪದರ ಕಾಣುತ್ತದೆ. ಗೊತ್ತಿರುವ ಒಂದು ಅಸಲಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡುವುದು ಎಲ್ಲಕ್ಕಿಂತ ಸುಲಭ.

ಎರಡನೆಯದು, ಬಿಡಿ ಪ್ಯಾಕ್‌ನಿಂದ ಶುರು ಮಾಡಬೇಡಿ. ಪ್ಯಾಕ್ ಅಂದರೆ ಅದೃಷ್ಟ. ಏನು ಬರುತ್ತದೋ ಗೊತ್ತಿಲ್ಲ, ಬಂದಿದ್ದರಲ್ಲಿ ಆಡಲು ಆಗುವುದೂ ಇಲ್ಲ. ಸಿದ್ಧವಾಗಿ ಕಟ್ಟಿದ ಡೆಕ್, ಅಂದರೆ ಪೂರ್ತಿ ಕಟ್ಟು ತಗೊಳ್ಳಿ. ಒಂದಲ್ಲ, ಎರಡು. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಬೆಂಗಳೂರಿನಲ್ಲಾದರೆ ಆಡುವವರು ಸೇರುವ ಜಾಗಗಳಿವೆ, ಒಂದೇ ಡೆಕ್ ಹಿಡಿದು ಹೋಗಬಹುದು. ಹೊಸನಗರದಲ್ಲೋ ಕೊಪ್ಪದಲ್ಲೋ ಇರುವ ಮಗುವಿನ ಎದುರು ಕೂರುವವರು ಯಾರು? ಅಣ್ಣ, ತಂಗಿ, ಪಕ್ಕದ ಮನೆ ಹುಡುಗ. ಅವರ ಹತ್ತಿರ ಡೆಕ್ ಇರುವುದಿಲ್ಲ. ನೀವೇ ಎರಡನೆಯದನ್ನೂ ತರಬೇಕು.

ತರುವ ಮೊದಲು ಮೊಬೈಲಿನಲ್ಲಿ ಆಡಿ ನೋಡಲು ಅವಕಾಶ ಇದೆ. ಪೋಕೆಮಾನ್‌ಗೆ ‘ಟಿಸಿಜಿ ಲೈವ್’, ಮ್ಯಾಜಿಕ್‌ಗೆ ‘ಅರೆನಾ’, ಯು-ಗಿ-ಓಗೆ ‘ಮಾಸ್ಟರ್ ಡ್ಯುಯೆಲ್’. ಇಳಿಸಿಕೊಳ್ಳಲು ದುಡ್ಡಿಲ್ಲ. ಒಳಗೆ ದುಡ್ಡು ಕೇಳುತ್ತವೆ, ಹಾಗಾಗಿ ದೊಡ್ಡವರ ಫೋನಿನಲ್ಲಿ ಪಕ್ಕದಲ್ಲಿ ಕೂತು ಆಡಿಸಿ. ನಿಯಮ ಅದೇ ಹೇಳಿಕೊಡುತ್ತದೆ. ನೆಟ್‌ವರ್ಕ್ ಸಿಗುವ ಜಾಗದಲ್ಲಿ, ಅಷ್ಟೇ.

ಮೂರನೆಯದು ಮಳೆ. ಬಯಲುಸೀಮೆಯವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ನಮ್ಮಲ್ಲಿ ಚಪ್ಪಲಿಗೇ ಬೂಸು ಬರುತ್ತದೆ, ಕಾಗದ ಉಳಿಯುತ್ತದೆಯೇ? ಹೊಳೆಯುವ ಕಾರ್ಡ್‌ಗಳೇ ಮೊದಲು ಹಾಳಾಗುವುದು. ಅದರ ಮುಂದಿನ ಪದರ ತಗಡಿನಂಥ ಫಾಯಿಲ್, ಹಿಂದೆ ಕಾಗದ. ಕಾಗದ ತೇವ ಕುಡಿದು ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಹಾಗಾಗಿ ಕಾರ್ಡ್ ದೊನ್ನೆಯ ಹಾಗೆ ಬಾಗುತ್ತದೆ. ಬಾಗಿದ ಕಾರ್ಡ್ ಕಟ್ಟಿನಲ್ಲಿ ಎಲ್ಲಿದೆ ಅಂತ ಹೊರಗಿನಿಂದಲೇ ಕಾಣುತ್ತದೆ, ಆಟವೂ ಕೆಡುತ್ತದೆ.

ನಾನು ಮಾಡುವುದು ಇಷ್ಟು. ಪ್ರತಿ ಕಾರ್ಡಿಗೂ ಪ್ಲಾಸ್ಟಿಕ್ ಸ್ಲೀವ್. ಗಾಳಿಯಾಡದ ಮುಚ್ಚಳದ ಡಬ್ಬಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪುಡಿಕೆಗಳನ್ನು ಎಸೆಯದೆ ಅದರೊಳಗೆ ಹಾಕುತ್ತೇನೆ. ಹೊರಗಿನ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡುವುದಿಲ್ಲ. ಸ್ಲೀವ್ ಕೊಳ್ಳುವಾಗ ಅಳತೆ ನೋಡಿ. ಪೋಕೆಮಾನ್, ಮ್ಯಾಜಿಕ್, ಒನ್ ಪೀಸ್ ಕಾರ್ಡ್‌ಗಳು 63ಕ್ಕೆ 88 ಮಿಲಿಮೀಟರ್. ಯು-ಗಿ-ಓ ಸ್ವಲ್ಪ ಚಿಕ್ಕದು, 59ಕ್ಕೆ 86. ದೊಡ್ಡ ಸ್ಲೀವ್‌ನಲ್ಲಿ ಅದು ಲೊಡಲೊಡ ಅನ್ನುತ್ತದೆ.

ಸ್ಲೀವ್ ಹಾಕಲು ಇನ್ನೂ ಒಂದು ಕಾರಣ ಹಲಸಿನ ಹಪ್ಪಳ. ಮಳೆಯಲ್ಲಿ ಕಾರ್ಡ್ ಆಡುವಾಗ ಯಾರೋ ಒಬ್ಬರು ಹಪ್ಪಳ ಕರಿದು ತರದೇ ಇರುವುದಿಲ್ಲ. ನನ್ನ ಹತ್ತಿರ ಒಂದು ಕಾಡಿನ ಲ್ಯಾಂಡ್ ಕಾರ್ಡ್ ಇದೆ. ಬಲ ಮೂಲೆಯಲ್ಲಿ ಎಣ್ಣೆಯ ಹೆಬ್ಬೆರಳ ಗುರುತು, ಬೆಳಕಿಗೆ ಹಿಡಿದರೆ ರೇಖೆಗಳು ಎಣಿಸುವಷ್ಟು ಸ್ಪಷ್ಟ. ಆಡಿದವನು ಈಗ ಪಿಯುಸಿಗೆ ಮೂಡಬಿದಿರೆಗೆ ಹೋಗಿದ್ದಾನೆ. ಆ ಕಾರ್ಡನ್ನು ನಾನು ಬದಲಾಯಿಸಿಲ್ಲ.

ಅಕ್ಕನಿಗೆ ಕೊನೆಗೆ ಹೇಳಿದ್ದು

ಅವಳ ಮಗನಿಗೆ ಒಂಬತ್ತು. ಮಗಳಿಗೆ ಹದಿಮೂರು, ಸದಾ ಏನಾದರೂ ಬರೆಯುತ್ತಿರುವವಳು. ಇಬ್ಬರೂ ಒಟ್ಟಿಗೆ ಆಡಬೇಕು. ಹಾಗಾಗಿ ‘ಎರಡು ಪೋಕೆಮಾನ್ ಡೆಕ್ ತಗೋ, ಬೇರೆ ಬೇರೆ ಬಣ್ಣದ್ದು’ ಅಂದೆ. ದೊಡ್ಡವಳಿಗೆ ಆಮೇಲೆ ಮ್ಯಾಜಿಕ್ ತರಬಹುದು, ಚಿಕ್ಕವನು ಹನ್ನೆರಡು ದಾಟಲಿ. ಚಿಕ್ಕವನು ಒಬ್ಬನೇ ಇದ್ದಿದ್ದರೂ ಪೋಕೆಮಾನೇ ಹೇಳುತ್ತಿದ್ದೆ. ದೊಡ್ಡವಳು ಒಬ್ಬಳೇ ಆಗಿದ್ದರೆ, ಎದುರಿಗೆ ಅಪ್ಪ ಕೂರುತ್ತಾನಾ ಅಂತ ಕೇಳಿ ಮ್ಯಾಜಿಕ್ ಹೇಳುತ್ತಿದ್ದೆ.

ಜೊತೆಗೆ ಒಂದು ಕಟ್ಟು ಖಾಲಿ ಡ್ರಾಯಿಂಗ್ ಕಾಗದ ಕತ್ತರಿಸಿ ಕಳಿಸಿದೆ, ಕಾರ್ಡಿನ ಅಳತೆಗೆ. ತಾವೇ ಕಾರ್ಡ್ ಮಾಡಲಿ ಅಂತ. ಹೋದ ತಿಂಗಳು ಹೋದಾಗ ಮಗಳು ತಂದು ತೋರಿಸಿದಳು. ಒಂದು ಕಾಳಿಂಗ ಸರ್ಪ, ಹೆಡೆ ಎತ್ತಿ ನಿಂತಿದ್ದು. ಕೆಳಗೆ ಕನ್ನಡದಲ್ಲಿ ನಿಯಮ: ‘ಎದುರಿನವರ ಚೌಕಿಯಲ್ಲಿ ಹಾವು ಇದ್ದರೆ ನುಂಗಬಹುದು.’ ಕಾಳಿಂಗ ತಿನ್ನುವುದು ಹಾವನ್ನೇ, ಆಗುಂಬೆ ಕಡೆಯ ಮಕ್ಕಳಿಗೆ ಇದು ಗೊತ್ತು.

ಇನ್ನೊಂದು ಮಂಗಟ್ಟೆ ಹಕ್ಕಿ. ಮರದ ಪೊಟರೆ, ಅದರ ಬಾಯಿ ಮುಚ್ಚಿದೆ, ಸಣ್ಣ ಸೀಳಿನಲ್ಲಿ ಹೆಣ್ಣಿನ ಕೊಕ್ಕು ಮಾತ್ರ ಹೊರಗೆ. ಗಂಡು ಹಣ್ಣು ಹಿಡಿದು ಬರುತ್ತಿದೆ. ನಿಯಮ: ‘ಗೂಡಿನೊಳಗೆ ಇರುವಾಗ ಇವಳನ್ನು ಯಾರೂ ಹೊಡೆಯುವಂತಿಲ್ಲ. ಆದರೆ ಪ್ರತಿ ಸರದಿಗೆ ಒಂದು ಹಣ್ಣಿನ ಕಾರ್ಡ್ ಕೊಡಬೇಕು.’

ನಾನು ಬರಹವನ್ನು ಹೆಬ್ಬೆರಳಿನಿಂದ ಮುಚ್ಚಿ ಅವಳ ತಮ್ಮನನ್ನು ಕೇಳಿದೆ. ಅವನು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ‘ಒಳಗಿದ್ರೆ ಏನೂ ಆಗಲ್ಲ ಚಿಕ್ಕಿ. ಆದ್ರೆ ಹಸಿವಾಗುತ್ತೆ’ ಅಂದ. ಅಷ್ಟರಲ್ಲಿ ಅವಳು ಕಾರ್ಡ್ ಕಿತ್ತುಕೊಂಡು, ಪೆನ್ಸಿಲ್ ತಗೊಂಡು, ‘ಒಂದು ಹಣ್ಣು ಸಾಲಲ್ಲ, ಮರಿ ಹುಟ್ಟಿದ ಮೇಲೆ ಎರಡು’ ಅಂತ ತಿದ್ದಲು ಕೂತಳು.